ಮೂರನೆಯ ಬೆರಳು

೧೯೭೪ರಲ್ಲಿ ಕುಣಿಗಲ್ ಬಳಿಯ ಪುಟ್ಟ ಆಸ್ಪತ್ರೆಯೊಂದರಲ್ಲಿ ನನಗೊಂದು ಕೆಲಸ ಸಿಕ್ಕಿತು. ಡೆನ್ಮಾರ್ಕಿನಿಂದ ಬಂದಿದ್ದ ಡಾಕ್ಟರಮ್ಮನ ಪಕ್ಕ ಕೂತು ರೋಗಿಗಳ ಮಾತನ್ನು ಇಂಗ್ಲಿಷಿನಲ್ಲಿ ಹೇಳಬೇಕು. ನಾನು ಗುಬ್ಬಿಯ ಗಂಗಾಂಬಿಕೆ, ಪಿಯುಸಿ ಪಾಸು, ಕೋಪ ಮೂಗಿನ ತುದಿಯಲ್ಲೇ. ಆಕೆಯೋ ಬೆಳಗ್ಗೆ ಏಳಕ್ಕೆ ಕೂತರೆ ಊಟದ ನೆನಪೂ ಇಲ್ಲದೆ ದುಡಿಯುವವರು. ಕನ್ನಡ ಕಲಿಯುತ್ತಿದ್ದರು, ಜೊತೆಗೆ ನಮ್ಮ ಜನರ ಕೈ, ತಲೆ, ಕಣ್ಣಿನ ಮಾತನ್ನೂ. ತಲೆ ಪಕ್ಕಕ್ಕೆ ವಾಲಿಸಿದರೆ ಹೂಂ, ಗದ್ದ ಎತ್ತಿ ಲೊಚಗುಟ್ಟಿದರೆ ಇಲ್ಲ. ನಾನು ಹೇಳಿಕೊಟ್ಟಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು.

ಒಂದು ಬೆಳಗ್ಗೆ ತಡವಾಗಿ ಬಂದೆನೆಂದು ಎಲ್ಲರೆದುರು ಗದರಿದರು. ಮುಖ ಊದಿಸಿಕೊಂಡು ಕೂತೆ.

ಅಮೃತೂರಿನ ಲಕ್ಷ್ಮೀದೇವಮ್ಮ ಜ್ವರ ಬಂದಿದ್ದ ನಾಲ್ಕು ವರ್ಷದ ಮಗಳನ್ನು ಎತ್ತಿಕೊಂಡು ಬಂದಳು. ಮಾವ ಬಾಗಿಲಲ್ಲೇ ನಿಂತಿದ್ದರಿಂದ ಬಾಯಿ ಬಿಡಲಿಲ್ಲ. ನನಗಾಗಿ ಕಾಯದೆ ಡಾಕ್ಟರಮ್ಮನೇ "ಎಷ್ಟು ದಿನ?" ಎಂದರು. ಅವಳು ಕಿರುಬೆರಳಿನಿಂದ ಶುರುಮಾಡಿ ಒಂದೊಂದೇ ಗೆಣ್ಣು ಎಣಿಸಿ, ನಡುಬೆರಳಿನ ಎರಡನೇ ಗೆಣ್ಣಿನ ಮೇಲೆ ಹೆಬ್ಬೆರಳು ನಿಲ್ಲಿಸಿದಳು. ಬೆರಳಿಗೆ ಮೂರು ಗೆಣ್ಣು. ಎಂಟು ದಿನ. ಡಾಕ್ಟರಮ್ಮ ಮೂರನೆಯ ಬೆರಳನ್ನಷ್ಟೇ ಕಂಡು "ತ್ರೀ ಡೇಸ್" ಎನ್ನುತ್ತ ಬರೆದುಕೊಂಡರು.

ನಾನು ನೋಡಿದೆ. ಹೇಳಲಿಲ್ಲ. ಅಷ್ಟೆಲ್ಲ ಕಲಿತಿದ್ದಾರಲ್ಲ, ಒಮ್ಮೆ ಎಡವಲಿ ಅಂದುಕೊಂಡೆ. ಮೂರು ದಿನದ ಮಾಮೂಲಿ ಜ್ವರವೆಂದು ಮಿಕ್ಸ್‌ಚರ್ ಔಷಧಿ ಕೊಟ್ಟು ಕಳಿಸಿದರು. ಬಸ್ಸು ಬರುವುದಕ್ಕೆ ಇನ್ನೂ ಅರ್ಧ ಗಂಟೆಯಿತ್ತು, ಎದ್ದು ಹೋಗಿ ಕರೆಯಬಹುದಿತ್ತು. ಏಳಲಿಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಐದನೇ ದಿನ ಮಗುವನ್ನು ಪ್ರಜ್ಞೆಯಿಲ್ಲದೆ ತಂದರು. ಟೈಫಾಯ್ಡ್. ಡಾಕ್ಟರಮ್ಮ ಎರಡು ದಿನ ಮಂಚದ ಪಕ್ಕದಿಂದ ಕದಲಲಿಲ್ಲ. ಜೀವ ಉಳಿಯಿತು, ಕಿವಿ ಹೋಯಿತು. ಎಂಟು ದಿನದ ಸಂಗತಿ ಹೊರಬಿದ್ದಾಗ ನನ್ನ ಕಡೆ ತಿರುಗಿ, "ಗಂಗಾ, ನೀನು ನೋಡಿದೆಯಾ?" ಎಂದರು.

ಗದ್ದ ಎತ್ತಿ ಲೊಚಗುಟ್ಟಿದೆ. ನಾನೇ ಕಲಿಸಿದ್ದಲ್ಲವೇ, ಚೆನ್ನಾಗಿ ಅರ್ಥವಾಯಿತು. ನಂಬಿದರು. "ಇಲ್ಲಿಯವರು ಗೆಣ್ಣು ಎಣಿಸುತ್ತಾರೆ. ತಪ್ಪು ನನ್ನದು" ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಆಕೆಯನ್ನು ನೋಡಿಯೇ ನಾನು ನರ್ಸಿಂಗ್ ಓದಿದೆ. ೧೯೭೯ರಲ್ಲಿ ತಮ್ಮ ದೇಶಕ್ಕೆ ಹೊರಟಾಗ ಆ ನೋಟ್‌ಬುಕ್ಕನ್ನು ನನ್ನ ಕೈಗಿಟ್ಟು, "ನನಗಿಂತ ನೀನು ಚೆನ್ನಾಗಿ ನೋಡುತ್ತೀಯ" ಎಂದರು. ನಾಚಿಕೆಯಿಂದ ಸತ್ತುಹೋದೆ, ಆದರೂ ನಿಜ ಹೇಳಲು ಬಾಯಿ ಬರಲಿಲ್ಲ. ತುಮಕೂರಿನ ಆಸ್ಪತ್ರೆಯಲ್ಲಿ ಹೊಸ ನರ್ಸುಗಳಿಗೆ ಅದನ್ನೇ ಓದಿ ಹೇಳುತ್ತಿದ್ದೆ, ಆ ಒಂದು ಪುಟ ಬಿಟ್ಟು.

೧೯೮೬ರಲ್ಲಿ ಅಲ್ಲಿಗೇ ಲಕ್ಷ್ಮೀದೇವಮ್ಮ ಬಂದಳು. ಜೊತೆಯಲ್ಲಿ ಹದಿನಾರರ ಮಗಳು.

"ಗುರ್ತು ಸಿಕ್ತೇನ್ರವ್ವಾ? ನಿಮ್ಮಿಬ್ರಿಂದ್ಲೇ ಕಣ್ರವ್ವಾ ಈ ಕೂಸು ಉಳ್ಕಂಡಿದ್ದು" ಎಂದು ಮಗಳಿಗೆ ಕೈಸನ್ನೆ ಮಾಡಿದಳು. ಹುಡುಗಿ ನಗುತ್ತ ನನ್ನ ಕಾಲಿಗೆ ಬಗ್ಗಿದಳು. ಕೆಂಡ ತುಳಿದವಳಂತೆ ಕಾಲು ಹಿಂದಕ್ಕೆ ಎಳೆದುಕೊಂಡೆ.

"ನೋಡ್ರಪ್ಪಾ, ಎಂಥಾ ದೊಡ್ ಗುಣ! ಕಾಲೂ ಮುಟ್ಟಿಸ್ಕಳಲ್ಲ" ಎಂದು ಲಕ್ಷ್ಮೀದೇವಮ್ಮ ಸಾಲಿನಲ್ಲಿ ನಿಂತವರಿಗೆಲ್ಲ ಹೇಳಿದಳು.

ಕಾಲು ಹಿಂದಕ್ಕೆಳೆದುಕೊಂಡಿದ್ದರ ಅರ್ಥ ಅದಲ್ಲವೆಂದು ಹೇಳಬೇಕಾದವಳು ನಾನೊಬ್ಬಳೇ. ಆ ದಿನವೂ ಹೇಳಲಿಲ್ಲ.