ಪ್ರತಿ ಸಲವೂ ಪಾಸಾಗುವ ಓಟ್ಸ್

ಅಕ್ಕನ ಗಂಡನ ಮಿಲ್ಲಿನಿಂದ ಬರುವ ಓಟ್ಸ್ ಕಾಳಿನ ಸ್ಯಾಂಪಲ್ಲು ಪ್ರತಿ ಸಲವೂ ಪಾಸಾಗುವುದು ಲ್ಯಾಬಿನ ಪರೀಕ್ಷಕಿಗೆ ಗಂಟಲಲ್ಲಿ ಸಿಕ್ಕ ಮುಳ್ಳಾಗಿತ್ತು. ಗ್ಲುಟೆನ್, ಅಂದರೆ ಗೋಧಿಯಲ್ಲಿರುವ ಅಂಟು, ಇಲ್ಲವೆಂದು ಅಚ್ಚು ಹಾಕಿದ ಆ ಪೊಟ್ಟಣ ತಂದು ತಿಂದ, ಗೋಧಿ ಒಗ್ಗದ ಜನ ಹೊಟ್ಟೆ ಹಿಡಿದುಕೊಂಡು ದೂರುತ್ತಿದ್ದರು. ಇವಳ ಪರೀಕ್ಷೆಯಲ್ಲಿ ಮಾತ್ರ ಗೋಧಿಯ ಸುಳಿವೇ ಇಲ್ಲ. ಒಂದು ಚೂರು ಹೊಟ್ಟೂ ಇಲ್ಲದ ಓಟ್ಸ್ ಯಾವ ಹೊಲದಲ್ಲಿ ಬೆಳೆಯುತ್ತದೆ? ಭಾವ ಬೇರೆ ಕಡೆಯ ಮಾಲು ಕಳಿಸಿ ತನ್ನ ಕಣ್ಣಿಗೆ ಮಣ್ಣೆರಚುತ್ತಿದ್ದಾರೆ ಎಂದು ಹಲ್ಲು ಕಡಿಯುತ್ತ, ಹೇಳದೆ ಕೇಳದೆ ಮಿಲ್ಲಿಗೆ ನುಗ್ಗಿದಳು.

ಭಾವ ಅಲ್ಲಿರಲಿಲ್ಲ. ಅಕ್ಕ ಕನ್ನಡಕ ಏರಿಸಿ, ತಟ್ಟೆಯಲ್ಲಿ ಓಟ್ಸ್ ಹರಡಿಕೊಂಡು ಹೊಟ್ಟು, ಗೋಧಿಕಾಳು ಹೆಕ್ಕುತ್ತಿದ್ದಳು. ಪಕ್ಕದಲ್ಲಿ ಲ್ಯಾಬಿನ ಚೀಟಿ ಅಂಟಿಸಿದ ಡಬ್ಬಿಯಿತ್ತು.

"ಏನಕ್ಕಾ ಇದು?"

"ನಿನ್ನ ಲ್ಯಾಬಿಗೆ ಕಳಿಸೋದು ಕಣೇ. ತಂಗಿ ಮುಂದೆ ಮರ್ಯಾದೆ ಹೋಗಬಾರದಲ್ಲ, ಪ್ರತಿ ಸಲ ನಾನೇ ಕೂತು ಆರಿಸ್ತೀನಿ."

ತಂಗಿ ಗೋಡೆಯುದ್ದಕ್ಕೂ ಪೇರಿಸಿದ್ದ ಮೂಟೆಗಳತ್ತ ನೋಡಿದಳು. "ಅದನ್ನೆಲ್ಲ ಯಾರು ಆರಿಸ್ತಾರೆ?"

"ಅದ್ಯಾಕೆ ಆರಿಸ್ಬೇಕು?" ಅಕ್ಕ ತಲೆಯೆತ್ತದೆ ಹೇಳಿದಳು. "ಅದೇನು ಪರೀಕ್ಷೆಗಾ? ಬರೀ ತಿನ್ನೋಕೆ."