ಭಾಮೈದನ ಅಳತೆ

ದರ್ಜಿಯ ಹೊಟ್ಟೆಗೆ ಬೆಂಕಿ ಬಿದ್ದದ್ದು ಒಂದೇ ಒಂದು ಪದದಿಂದ. ಅದೂ ಯಾರೋ ಆಡಿದ ಪದವಲ್ಲ, ಆಡದೆ ಬಿಟ್ಟ ಪದ.

ಹೊರಗೆಲ್ಲ ಅವನು ದರ್ಜಿಯಾದರೂ ಸ್ನೂಕರ್ ಹಾಲ್‌ನಲ್ಲಿ ಮಾತ್ರ 'ಮೇಷ್ಟ್ರು'. ಸಂಜೆ ಅಂಗಡಿಯ ಶಟರ್ ಎಳೆದು, ಮೆಟ್ಟಿಲು ಹತ್ತಿ ಒಳಗೆ ಕಾಲಿಟ್ಟರೆ ಕಿಟಕಿ ಪಕ್ಕದ ಮೊದಲನೇ ಮೇಜಿನವರು ಮಾತಿಲ್ಲದೆ ಜಾಗ ಬಿಡುತ್ತಿದ್ದರು. ವರ್ಷಕ್ಕೊಮ್ಮೆ ನಡೆಯುವ ಪಂದ್ಯದಲ್ಲಿ ಗೆದ್ದವನಿಗೆ ಆ ಮೇಜು, ಆ ಹೆಸರು ಎರಡೂ. ಬಹಳ ವರ್ಷಗಳಿಂದ ಎರಡೂ ಇವನ ಬಳಿಯೇ ಇದ್ದವು. ಹೆಂಡತಿಯ ತಮ್ಮನನ್ನು ಅಲ್ಲಿಗೆ ಕರೆತಂದು, ಸೊಂಟ ಹೀಗೆ ಬಗ್ಗಿಸು, ಗದ್ದ ಕೋಲಿಗೆ ತಾಗಿಸು ಎಂದು ತಿದ್ದಿದವನೂ ಇವನೇ. ಭಾಮೈದ ಬೇಗ ಕಲಿತ. ಹಾಲ್‌ನವರು ಅವನನ್ನು 'ಚಿಕ್ಕ ಮೇಷ್ಟ್ರು' ಎಂದು ಕರೆಯತೊಡಗಿದಾಗ ದರ್ಜಿ ಮೀಸೆಯ ಮೇಲೆ ಕೈಯಾಡಿಸಿದ. 'ಚಿಕ್ಕ' ಅನ್ನುವುದು ಮುಂದೆ ಇರುವ ತನಕ ಹೆಮ್ಮೆಪಡಲು ಯಾರಪ್ಪನ ಗಂಟು ಹೋಗುತ್ತದೆ?

ಆಮೇಲೆ ಭಾಮೈದ ಹೇಳಿ ಮಾಡಿಸಿದ ಹೊಸ ಕ್ಯೂ, ಅಂದರೆ ಆಡುವ ಕೋಲು, ತಂದ. ನೇರ ಎಳೆಯ ತಿಳಿ ಬಣ್ಣದ ಮರ, ಹಿಡಿಯುವ ಕಡೆ ಕರಿಮರ, ಬುಡದಲ್ಲಿ ಹಿತ್ತಾಳೆಯ ಬಿಲ್ಲೆ, ಬಿಲ್ಲೆಯ ಮೇಲೆ ಎರಡು ಪುಟ್ಟ ಚುಕ್ಕಿ. ಆ ವಾರವೇ ಭಾವನನ್ನು ಸೋಲಿಸಿದ. ಮುಂದಿನ ವಾರವೂ ಸೋಲಿಸಿದ. ಒಂದು ಸಂಜೆ ಹಾಲ್ ನೋಡಿಕೊಳ್ಳುವ ಬೋಳುತಲೆಯವನು ಕೌಂಟರಿನಿಂದ ಕೂಗಿದ: "ಮೇಷ್ಟ್ರೇ, ನಿಮ್ಮ ಮೇಜು ಖಾಲಿ ಆಯ್ತು!"

ದರ್ಜಿ ಕೈಯಲ್ಲಿದ್ದ ಟೀ ಲೋಟ ಕೆಳಗಿಟ್ಟು ಎದ್ದ. ಬೋಳುತಲೆಯವನು ನೋಡುತ್ತಿದ್ದದ್ದು ಭಾಮೈದನನ್ನು.

ಅಷ್ಟೇ ನಡೆದದ್ದು. ದರ್ಜಿ ಬೂಟಿನ ದಾರ ಕಟ್ಟಿಕೊಳ್ಳಲು ಎದ್ದವನಂತೆ ಬಗ್ಗಿ, ಕಟ್ಟಿದ್ದ ದಾರವನ್ನೇ ಬಿಚ್ಚಿ ಮತ್ತೆ ಕಟ್ಟಿದ. ಮನೆಗೆ ಬಂದು ಊಟಕ್ಕೆ ಕೂತು, ಕಲಸಿದ ಅನ್ನವನ್ನೇ ಮತ್ತೆ ಮತ್ತೆ ಕಲಸಿದ. ಅವನಿಗೆ ಭಾಮೈದನ ಮೇಲೆ ಅಸೂಯೆಯಾಗಿತ್ತು, ಶುದ್ಧ ಅಸೂಯೆ. ಅದಕ್ಕೆ ಬೇರೆ ಹೆಸರು ಹುಡುಕುವ ಶ್ರಮವನ್ನೂ ಅವನು ತೆಗೆದುಕೊಳ್ಳಲಿಲ್ಲ.

"ಏನ್ರೀ, ಮುಖ ಇಸ್ತ್ರಿ ಕಾಣದ ಬಟ್ಟೆ ಥರ ಮುದುಡಿದೆ?" ಎಂದಳು ಹೆಂಡತಿ.

"ನಿನ್ನ ತಮ್ಮ ಗೆದ್ದ."

"ಹೌದಾ! ಪಾಪ, ಚೆನ್ನಾಗಿ ಆಡಿದ್ನಾ?"

"ಅವನೇನು ಆಡ್ತಾನೆ? ಆ ಕೋಲು ಆಡುತ್ತೆ."

ಹೇಳಿದ ಮೇಲೆ ಆ ಮಾತು ಅವನಿಗೇ ಬಹಳ ಹಿಡಿಸಿತು. ಹೌದಲ್ಲ! ಹುಡುಗನ ಕೈಯಲ್ಲಿ ಏನಿದೆ, ಕಲಿಸಿದ್ದು ತಾನು. ಇರುವುದೆಲ್ಲ ಆ ಕೋಲಿನಲ್ಲಿ. ಅಂದಿನಿಂದ ಅವನು ಆಟ ನೋಡುವುದನ್ನು ಬಿಟ್ಟು ಕೋಲು ನೋಡತೊಡಗಿದ. ಭಾಮೈದ ಅದನ್ನು ಎಲ್ಲರ ಹಾಗೆ ಹಿಡಿಯುತ್ತಿರಲಿಲ್ಲ. ಬುಡದ ತುತ್ತತುದಿಯಲ್ಲಿ, ಇನ್ನೇನು ಜಾರಿಬಿಡುತ್ತದೆ ಅನ್ನುವ ಹಾಗೆ ಹಿಡಿದು, ಮೇಜಿನ ಮೇಲೆ ವಿಪರೀತ ಬಗ್ಗುತ್ತಿದ್ದ. ಆಟ ಮುಗಿದ ಮೇಲೆ ಸೊಂಟ ತಿಕ್ಕಿಕೊಳ್ಳುತ್ತಿದ್ದ. ಗುಟ್ಟು ಆ ಹಿಡಿತದಲ್ಲಿದೆ ಎಂದು ಅರ್ಧ ಹಾಲ್ ನಂಬಿ, ಎಲ್ಲರೂ ತುದಿ ಹಿಡಿದು ಆಡಿ, ಬಿಳಿ ಚೆಂಡನ್ನು ನೆಲಕ್ಕೆ ಹಾರಿಸಿದರು. ದರ್ಜಿಯೂ ಯಾರೂ ಇಲ್ಲದಾಗ ಹಿಡಿದು ನೋಡಿದ. ಅವನದೂ ನೆಲಕ್ಕೆ ಹಾರಿತು.

"ಯಾರು ಮಾಡಿದ್ದೋ ಇದನ್ನ?" ಎಂದು ಕೊನೆಗೆ ಕೇಳಿಯೇ ಬಿಟ್ಟ.

ಭಾಮೈದನ ಕಿವಿ ಕೆಂಪಾಯಿತು. "ಅದಾ... ಆಮೇಲೆ ಹೇಳ್ತೀನಿ ಭಾವ," ಎಂದು ಕೋಲಿನ ತುದಿಗೆ ಚಾಕ್ ಉಜ್ಜುತ್ತ ಆಚೆ ತಿರುಗಿದ. ಕಳ್ಳ! ಹೇಳಿದರೆ ಭಾವನೂ ಮಾಡಿಸಿಕೊಳ್ಳುತ್ತಾನೆ ಎಂದಲ್ಲವೇ? ಸರಿ, ಇವನು ಹೇಳದಿದ್ದರೆ ಲೋಕದಲ್ಲಿ ಕೋಲು ಮಾಡುವವರೇ ಇಲ್ಲವೇ?

ದರ್ಜಿ ಮೊದಲು ಆಟದ ಸಾಮಾನಿನ ದೊಡ್ಡ ಅಂಗಡಿಗೆ ಹೋದ. ಅಲ್ಲಿಯವನು ಗಾಜಿನ ಕೌಂಟರಿನ ಮೇಲೆ ಮಿರಮಿರ ಮಿಂಚುವ ಕೋಲುಗಳನ್ನು ಸಾಲಾಗಿ ಇಟ್ಟ. ದರ್ಜಿ ಒಂದೊಂದನ್ನೇ ಉರುಳಿಸಿದ, ಅರ್ಧಕ್ಕರ್ಧ ಕುಂಟಿದವು. ಹೊಳಪು ಬಳಿದು ಸೊಟ್ಟ ಮುಚ್ಚುವುದು ಅವನಿಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. ಕೆಟ್ಟ ಹೊಲಿಗೆಯ ಮೇಲೆ ಬಿಸಿ ಇಸ್ತ್ರಿ ಒತ್ತುವವರನ್ನು ಬೇಕಾದಷ್ಟು ಕಂಡಿದ್ದ. ಆಮೇಲೆ ಮಾರ್ಕೆಟ್ಟಿನ ಹಿಂದಿನ ಬಡಗಿಯೊಬ್ಬನ ಬಳಿ ಹೋದ. ಅವನು ಕೇಳಿದ್ದಕ್ಕೆಲ್ಲ ಹೂಂ ಎಂದ. ಇಷ್ಟು ಉದ್ದ? ಹೂಂ. ಇಷ್ಟು ತೂಕ? ಹೂಂ. ಯಾವಾಗ? ನಾಳೆ. ಈ 'ನಾಳೆ'ಯನ್ನು ದಿನಕ್ಕೆ ಎಷ್ಟೋ ಸಲ ತಾನೇ ಗಿರಾಕಿಗಳಿಗೆ ಹೇಳುವ ದರ್ಜಿಗೆ ಅದರ ಬೆಲೆ ಚೆನ್ನಾಗಿ ತಿಳಿದಿತ್ತು. ಅಲ್ಲಿಂದಲೂ ಜಾಗ ಖಾಲಿ ಮಾಡಿದ.

ಕೊನೆಗೆ ಮಾನ ಬಿಟ್ಟು ಬೋಳುತಲೆಯವನನ್ನೇ ಕೇಳಿದ, ಆ ಎರಡು ಚುಕ್ಕಿಯ ಗುರುತು ಯಾರದು ಎಂದು.

"ಅಯ್ಯೋ, ಅದು ಕೋಲಮ್ಮಂದು! ಹಳೇ ಗೋದಾಮಿನ ಹಿಂದೆ ಶೆಡ್ಡು. ಕೈ ಚಿನ್ನ, ಬಾಯಿ ಮಾತ್ರ ಗರಗಸ. ಹುಷಾರು."

ಮರುದಿನ ಮಧ್ಯಾಹ್ನ ಕತ್ತರಿಸುತ್ತಿದ್ದ ಬಟ್ಟೆಯನ್ನು ಹಾಗೇ ಬಿಟ್ಟು ದರ್ಜಿ ಹೊರಟ. ಶೆಡ್ಡಿನ ಗೋಡೆಗೆ ಒಣಗಲು ನಿಲ್ಲಿಸಿದ ಮರದ ಉದ್ದುದ್ದ ತುಂಡುಗಳು, ಮೊಳೆಗೆ ದೊಡ್ಡದರಿಂದ ಚಿಕ್ಕದರವರೆಗೆ ತೂಗುಹಾಕಿದ ಉಜ್ಜುಗೊರಡುಗಳು, ಮೂಲೆಯಲ್ಲಿ ಹಳೆಯ ಸ್ನೂಕರ್ ಮೇಜೊಂದರ ಕೊಯ್ದಿಟ್ಟ ಅರ್ಧಭಾಗ. ಕನ್ನಡಕದ ಮೇಲಿಂದ ನೋಡಿದಳು ಕೋಲಮ್ಮ. ಅವಳ ಏಪ್ರನ್ನಿನ ಜೇಬು ಓರೆಯಾಗಿ ಹೊಲಿದದ್ದು ದರ್ಜಿಯ ಕಣ್ಣಿಗೆ ಚುಚ್ಚಿತು.

"ಹಳೇ ಕೋಲು ಎಲ್ಲಿ?" ಎಂದಳು. ಬನ್ನಿ ಇಲ್ಲ, ಕೂತ್ಕೊಳ್ಳಿ ಇಲ್ಲ.

"ತಂದಿಲ್ಲ."

"ಹಾಗಾದ್ರೆ ತಂದ್ಮೇಲೆ ಮಾತು. ಹಳೇದನ್ನ ನೋಡದೆ ಹೊಸದಕ್ಕೆ ನಾನು ಕೈ ಹಾಕಲ್ಲ. ಕೈ ಎಲ್ಲಿ ಸವೆಸಿದೆ, ಬೆವರು ಎಲ್ಲಿ ಕುಡಿದಿದೆ, ನೋಡ್ಬೇಕು. ಆಡೋರು ಸುಳ್ಳು ಹೇಳ್ತಾರೆ, ಕೋಲು ಹೇಳಲ್ಲ."

ಈ ಮಾತಿಗೆ ದರ್ಜಿಯ ಮನಸ್ಸು ಒಮ್ಮೆಲೇ ಸೋತಿತು. ನಂಬಬಹುದಾದ ಕೈ ಇದು. ಆದರೆ ಹೊಟ್ಟೆಕಿಚ್ಚಿಗೆ ಸರಿಯಾದದ್ದು ಬೇಕಿರಲಿಲ್ಲ, ಭಾಮೈದನದ್ದು ಬೇಕಿತ್ತು.

"ಅದೆಲ್ಲ ಬೇಡ ಅಮ್ಮ. ಮೂರು ತಿಂಗಳ ಹಿಂದೆ ಒಬ್ಬ ಉದ್ದನೆ ಹುಡುಗನಿಗೆ ಮಾಡಿಕೊಟ್ರಲ್ಲ, ಕರಿಮರದ ಹಿಡಿಯದು? ಅದೇ ಬೇಕು. ಅದೇ ಉದ್ದ, ಅದೇ ತೂಕ, ಅದೇ ದಪ್ಪ. ಕೂದಲೆಳೆ ಆಚೀಚೆ ಆಗ್ಬಾರದು."

"ಅವನ ಅಳತೆ ನಿಮಗ್ಯಾಕೆ?"

"ಬೇಕು."

ಕೋಲಮ್ಮ ಅವನ ಕುತ್ತಿಗೆಯ ಕಡೆ ಬೆರಳು ತೋರಿಸಿದಳು. ಅವಸರದಲ್ಲಿ ಅಳತೆಯ ಟೇಪನ್ನು ತೆಗೆದಿಡದೆ ಹಾಗೇ ಬಂದುಬಿಟ್ಟಿದ್ದ. "ಬಟ್ಟೆ ಹೊಲಿಯೋರು ನೀವು. ಪಕ್ಕದ ಮನೆಯವನ ಪ್ಯಾಂಟು ತಂದು, ಇದೇ ಅಳತೇಲಿ ನಂಗೂ ಹೊಲೀರಿ ಅಂದ್ರೆ ಏನಂತೀರಿ?"

ಏನನ್ನುತ್ತಿದ್ದ ಎಂದು ಬೀದಿಗೆಲ್ಲ ಗೊತ್ತಿತ್ತು. ಅಂಥ ಗಿರಾಕಿಗಳನ್ನು ಮೆಟ್ಟಿಲಿಳಿಸುವ ತನಕ ಬೈಯುತ್ತಿದ್ದ. ಆದರೂ ಈಗ ಟೇಪನ್ನು ಎಳೆದು ಜೇಬಿಗೆ ತುರುಕಿ, "ಮಾಡ್ತೀರಾ ಇಲ್ವಾ?" ಎಂದ.

ಅವಳು ಒಂದು ಕೋಲು ಕೊಟ್ಟು ಅರ್ಧ ಮೇಜಿನ ಕಡೆ ಕಳಿಸಿದಳು. ದರ್ಜಿ ಬಗ್ಗಿ ಒಂದು ಕೆಂಪು ಚೆಂಡನ್ನು ಪಾಕೆಟ್‌ಗೆ ಇಳಿಸಿದ. ಅವನ ಮೊಣಕೈಯನ್ನು, ಹಿಡಿದ ಜಾಗವನ್ನು ಕೋಲಮ್ಮ ದಿಟ್ಟಿಸಿ ನೋಡಿದಳು. ಆಮೇಲೆ ಇದ್ದಕ್ಕಿದ್ದಂತೆ ನಕ್ಕಳು. "ಸರಿ. ಅದನ್ನೇ ಮಾಡ್ತೀನಿ. ತಿಂಗಳು ಬಿಟ್ಟು ಬನ್ನಿ." ತನ್ನ ಗಿಡ್ಡ ಆಕಾರಕ್ಕೆ ನಕ್ಕಳು ಎಂದುಕೊಂಡ ದರ್ಜಿ.

ತಿಂಗಳು ತುಂಬುವುದರೊಳಗೆ ಅವನು ಇನ್ನೊಂದು ಕೆಲಸ ಮಾಡಿದ. ಹೆಂಡತಿಗೂ ಮುಟ್ಟಗೊಡದೆ ಇಟ್ಟುಕೊಂಡಿದ್ದ ಹಳೆಯ ಕ್ಯೂವಿನ ತುದಿ ಗರಗಸದಲ್ಲಿ ಕೊಯ್ದು, ಅಂಗಡಿಯಲ್ಲಿ ಅಡ್ಡ ಕಟ್ಟಿ, ಹೊಲಿದ ಕೋಟುಗಳನ್ನು ಅದಕ್ಕೆ ತೂಗುಹಾಕಿದ. ಹಿಡಿಯ ಬಳಿ ಬಿರುಕಿಗೆಂದು ಸುತ್ತಿದ್ದ ನೀಲಿ ದಾರ ಹಾಗೆಯೇ ಉಳಿಯಿತು.

"ಅಯ್ಯೋ, ಅದನ್ನೇ ಕೊಯ್ದ್ರಾ?" ಎಂದಳು ಹೆಂಡತಿ. "ನಂಗೆ ಕೊಟ್ಟಿದ್ರೆ ನಿಮಗಿಂತ ಚೆನ್ನಾಗಿ ನೋಡ್ಕೊಳ್ತಿದ್ದೆ."

"ಇನ್ನು ಅದರ ಋಣ ತೀರಿತು. ನೋಡ್ತಾ ಇರು, ನಿನ್ನ ತಮ್ಮನ ಗತಿ."

ಹೊಸ ಕ್ಯೂ ಬಂತು. ಕರಿಮರ, ಹಿತ್ತಾಳೆ ಬಿಲ್ಲೆ, ಎರಡು ಚುಕ್ಕಿ. ಹಾಲ್‌ನಲ್ಲಿ ಭಾಮೈದ ಅದನ್ನು ಕೈಗೆತ್ತಿಕೊಂಡು ನೋಡಿದ. ಮತ್ತೆ ಕಿವಿ ಕೆಂಪಾಯಿತು. "ಚೆನ್ನಾಗಿದೆ ಭಾವ," ಎಂದಷ್ಟೇ ಹೇಳಿದ. ದರ್ಜಿ ಬಗ್ಗಿದ, ಹಿಡಿದ, ಹೊಡೆದ. ಕೈಗೆ ಹೊಸದೇನೂ ಸಿಗಲಿಲ್ಲ. ತೂಕ ಬೀಳುವ ಜಾಗ ಅದೇ, ಬೆರಳು ಕೂರುವ ಜಾಗ ಅದೇ. ಕಣ್ಣು ಮುಚ್ಚಿ ಹಿಡಿದರೆ ಅವನ ಹಳೆಯ ಕೋಲು. ಅವನ ಆಟವೂ ಹಳೆಯದೇ. ಸೋತ.

ಮರುದಿನ ಬೆಳಿಗ್ಗೆ ಕೋಲಮ್ಮನ ಶೆಡ್ಡಿನ ಮುಂದೆ ನಿಂತು ಕೂಗಾಡಿದ. "ಮೋಸ ಮಾಡಿದ್ರಿ! ಅವನದು ಮಾಡಿ ಅಂದ್ರೆ ಯಾವುದೋ ಮಾಡಿಕೊಟ್ಟಿದ್ದೀರಿ. ಇದು ನನ್ನ ಹಳೇ ಕೋಲಿನ ಹಾಗೇ ಇದೆ!"

ಕೋಲಮ್ಮ ಉಜ್ಜುಗೊರಡು ಕೆಳಗಿಟ್ಟಳು. "ನಿಮ್ಮ ಹಳೇದಕ್ಕೆ ಹಿಡಿ ಹತ್ರ ನೀಲಿ ದಾರ ಸುತ್ತಿತ್ತಾ?"

ದರ್ಜಿ ಕೈಯಲ್ಲಿದ್ದ ಹೊಸ ಕೋಲನ್ನು ಗೋಡೆಗೆ ಒರಗಿಸಿದ.

"ಆ ಹುಡುಗ ಅದನ್ನ ಎತ್ಕೊಂಡು ಓಡಿ ಬಂದಿದ್ದ. ನಮ್ಮ ಭಾವ ಜ್ವರ ಅಂತ ಮಲಗಿದಾರೆ, ಮುಟ್ಟಿದ್ದು ಗೊತ್ತಾದ್ರೆ ಕೊಂದೇ ಹಾಕ್ತಾರೆ, ಸಂಜೆಯೊಳಗೆ ಇದ್ದಲ್ಲೇ ಇಡ್ಬೇಕು ಅಂದ. ಇದರ ಥರಾನೇ ಬೇಕು, ಕೂದಲೆಳೆ ಆಚೀಚೆ ಆಗ್ಬಾರದು ಅಂದ. ನೀವಂದ ಹಾಗೇ. ಇದು ನಿನ್ನ ತೋಳಿಗೆ ಗಿಡ್ಡ ಕಣಪ್ಪಾ, ಸೊಂಟ ಮುರ್ಕೊಳ್ತೀಯ ಅಂತ ಎಷ್ಟು ಬಡ್ಕೊಂಡೆ! ನಮ್ಮ ಭಾವ ಆಡೋದು ಇದರಲ್ಲೇ, ನಂಗೂ ಇದೇ ಅಂತ ಕೂತ. ಅವತ್ತು ನೀವು ಬಗ್ಗಿ ಹೊಡೆದಾಗಲೇ ಗೊತ್ತಾಯ್ತು ನಂಗೆ, ಆ ಭಾವ ನೀವೇ ಅಂತ."

ದರ್ಜಿ ಅಲ್ಲೇ ಇದ್ದ ಮರದ ದಿಮ್ಮಿಯ ಮೇಲೆ ಕುಳಿತ. ನಾಚಿಕೆಯಾಯಿತು. ಹುಡುಗನ ಕೆಂಪು ಕಿವಿ, ತುದಿ ಹಿಡಿತ, ತಿಕ್ಕಿಕೊಳ್ಳುವ ಸೊಂಟ ಎಲ್ಲ ಒಟ್ಟಿಗೆ ನೆನಪಾದವು. ಆದರೆ ನಾಚಿಕೆ ಇನ್ನೂ ಪೂರ್ತಿ ಕೂತುಕೊಳ್ಳುವ ಮೊದಲೇ ಹಳೆಯ ಕಿಚ್ಚು ಮತ್ತೆ ಎದ್ದಿತು, ಮೊದಲಿಗಿಂತ ಜೋರಾಗಿ. ತನ್ನ ಅಳತೆಯ ಗಿಡ್ಡ ಕೋಲಿನಲ್ಲಿ, ಸೊಂಟ ನೋಯಿಸಿಕೊಂಡು ಆಡಿಯೇ ಹುಡುಗ ತನ್ನನ್ನು ಸೋಲಿಸುತ್ತಿದ್ದ! ಹಾಗಾದರೆ ಅದು ಕೋಲಿನ ಆಟವಲ್ಲ. ಅವನದೇ ಆಟ.

"ಹುಡುಗನ ಕೋಲಿನ ಹಿಡಿ ಬಿಚ್ಚಿ ಮರ ಸೇರಿಸಿ ಉದ್ದ ಮಾಡ್ಕೊಡ್ತೀನಿ, ವಾರದ ಕೆಲಸ," ಎಂದಳು ಕೋಲಮ್ಮ. "ತೋಳಿನ ಅಳತೆ ಕೊಡು ಅಂದ್ರೆ ಓಡಿಹೋದ. ನೀವಾದ್ರೂ ಹೇಳಿ."

ದರ್ಜಿ ಹೊಸ ಕೋಲನ್ನು ಎತ್ತಿಕೊಂಡು ಹೊರಬಿದ್ದ. ಪಂದ್ಯಕ್ಕೆ ಇನ್ನೂ ಮೂರು ವಾರವಿತ್ತು. ಅವನು ಸುಮ್ಮನಿದ್ದರೆ ಸಾಕಿತ್ತು. ಹುಡುಗನ ಸೊಂಟ ಎಷ್ಟು ದಿನ ತಡೆದೀತು? ಒಂದೇ ಒಂದು ಸಂಜೆ ಅದು ಕೈಕೊಟ್ಟರೆ ಮೇಜು ಉಳಿಯುತ್ತದೆ, ಹೆಸರು ಉಳಿಯುತ್ತದೆ. ಯಾರನ್ನೂ ತಳ್ಳಬೇಕಾಗಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಆಯಿತು.

ಅದೇ ಸಂಜೆ ಭಾಮೈದ ಕಪ್ಪು ಬಟ್ಟೆಯೊಂದನ್ನು ಹಿಡಿದು ಅಂಗಡಿಗೆ ಬಂದ. "ಭಾವ, ಪಂದ್ಯಕ್ಕೆ ಒಂದು ವೇಸ್ಟ್‌ಕೋಟ್ ಹೊಲಿದುಕೊಡ್ತೀರಾ? ನಿಮ್ಮದಿದೆಯಲ್ಲ, ಅದೇ ಥರ."

ಅದೇ ಥರ! ದರ್ಜಿ ಟೇಪು ಹಿಡಿದ. ಎದೆ ಅಳೆದ, ಸೊಂಟ ಅಳೆದ. ಟೇಪು ಸುತ್ತಿದಾಗ ಹುಡುಗ ನೋವಿಗೆ ಹಲ್ಲು ಕಚ್ಚಿದ. ಅಷ್ಟರಲ್ಲಿ ಅವನ ಕಣ್ಣು ಅಡ್ಡ ಕಟ್ಟಿದ್ದ ಕೋಲಿನ ಮೇಲೆ, ಅದರ ನೀಲಿ ದಾರದ ಮೇಲೆ ಬಿತ್ತು. "ಭಾವ!" ಎಂದ, ಮನೆಯಲ್ಲಿ ಯಾರೋ ಹೋಗಿಬಿಟ್ಟ ಸುದ್ದಿ ಕೇಳಿದವನಂತೆ. "ಅದನ್ನ ಯಾಕೆ ಕೊಯ್ದ್ರಿ?"

"ಕೈ ಚಾಚು."

"ವೇಸ್ಟ್‌ಕೋಟಿಗೆ ತೋಳೇ ಇಲ್ವಲ್ಲ ಭಾವ?"

"ಚಾಚು ಅಂದೆ."

ಭುಜದ ಮೂಳೆಯಿಂದ ಮಣಿಕಟ್ಟಿನವರೆಗೆ ಟೇಪು ಇಳಿಯಿತು. ಎಂಥ ತೋಳು! ಕಣ್ಣು ಹಾಕಬೇಕು ಅನ್ನಿಸುವಂಥ ತೋಳು. ದರ್ಜಿ ಹೆಬ್ಬೆರಳಿಂದ ಅಂಕಿಯನ್ನು ಒತ್ತಿ ಹಿಡಿದ. ಇಪ್ಪತ್ತೈದು ಅನ್ನು, ಎಂದಿತು ಒಳಗಿನ ಕಿಚ್ಚು. ಒಂದೇ ಇಂಚು ಕಡಿಮೆ, ಯಾರು ನೋಡುತ್ತಾರೆ? ಕೋಲಮ್ಮ ಅಷ್ಟಕ್ಕೇ ಮಾಡುತ್ತಾಳೆ, ನಿನ್ನ ಮೇಲೆ ಮಾತೂ ಬರುವುದಿಲ್ಲ. ದರ್ಜಿ ಬಾಯಿ ತೆರೆದ. ಜೀವಮಾನವೆಲ್ಲ ಟೇಪು ಹೇಳಿದ್ದನ್ನೇ ಕೂಗಿದ ಬಾಯಿ ಅದು; ಬೇರೆ ಅಂಕಿಯನ್ನು ಕೂಗಿ ಅದಕ್ಕೆ ಅಭ್ಯಾಸವಿರಲಿಲ್ಲ.

"ಇಪ್ಪತ್ತಾರು," ಎಂದ. "ನಾಳೇನೇ ಕೋಲಮ್ಮನ ಹತ್ರ ಹೋಗಿ ಹೇಳು. ಹಿಡಿ ಉದ್ದ ಮಾಡಿಸ್ಕೋ."

ಭಾಮೈದನ ಕಿವಿ, ಕೆನ್ನೆ, ಕುತ್ತಿಗೆ ಎಲ್ಲ ಕೆಂಪಾದವು. ಎಲ್ಲ ಬಯಲಾಗಿದೆ ಎಂದು ಅವನಿಗೆ ತಿಳಿಯಿತು. ತಲೆ ತಗ್ಗಿಸಿ ನಿಂತವನು ತಡವರಿಸುತ್ತ ಕೇಳಿದ: "ಎಷ್ಟು ಅಂದ್ರಿ ಭಾವ? ಇನ್ನೊಂದ್ಸಲ ಹೇಳಿ."

"ಒಂದ್ಸಲ ಹೇಳೋಷ್ಟರಲ್ಲೇ ನನ್ನ ಪ್ರಾಣ ಹೋಗಿದೆ," ಎಂದ ದರ್ಜಿ, ಟೇಪು ಸುತ್ತುತ್ತ. "ಇನ್ನೊಂದ್ಸಲ ಹೇಳಿಸಬೇಡ, ಮೇಷ್ಟ್ರೇ."