ಇಪ್ಪತ್ತು ವರ್ಷದ ಆಚೆಗಿನ ಮನೆಮಂದಿ

ಹಲ್ಲು ಕಟ್ಟುವ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದುದರಿಂದ ಬೀದಿಯವರೆಲ್ಲ ಅವಳಿಗೆ ಇಟ್ಟಿದ್ದ ಹೆಸರು ಹಲ್ಲಿನಕ್ಕ. ಬಾಯಿಯ ಅಚ್ಚು ಕೈಗೆ ಬಂದರೆ ಸಾಕು, ಮೇಣ ಕಾಯಿಸಿ, ಒಸಡು ತಿದ್ದಿ, ಹಲ್ಲುಗಳನ್ನು ಒಂದೊಂದಾಗಿ ಕೂರಿಸುವಳು. ತೀರಾ ಬೆಳ್ಳಗಿನ ಹಲ್ಲು ವಯಸ್ಸಾದವರ ಬಾಯಲ್ಲಿ ಸುಣ್ಣ ಬಳಿದ ಗೋಡೆಯ ಹಾಗೆ ಕಾಣುತ್ತದೆಂದು ತುಸು ಹಳದಿ ಬೆರೆಸುವಳು, ಒಂದೆರಡನ್ನು ಬೇಕೆಂದೇ ಓರೆ ಬಿಡುವಳು. ಸೆಟ್ಟು ಹಾಕಿಕೊಂಡವರನ್ನು ಯಾರಾದರೂ 'ನಿಮ್ಮದೇ ಹಲ್ಲಾ?' ಎಂದು ಕೇಳಿದರೆ ಅವಳಿಗೆ ಅದೇ ಬಿರುದು.

ಭಾನುವಾರ ಮಾತ್ರ ಮೇಣ ಬಿಟ್ಟು ಬಣ್ಣ ಹಿಡಿಯುತ್ತಿದ್ದಳು. ಸೈಕಲ್ ಅಂಗಡಿಯ ಮಹಡಿಯಲ್ಲಿ ಡ್ರಾಯಿಂಗ್ ಮೇಷ್ಟ್ರು ನಡೆಸುತ್ತಿದ್ದ ತರಗತಿಗೆ ಬರುವವರೆಲ್ಲ ಅವಳಂಥವರೇ. ಒಬ್ಬ ಬ್ಯಾಂಕಿನ ಗುಮಾಸ್ತ, ಒಬ್ಬರು ನಿವೃತ್ತ ನರ್ಸಮ್ಮ, ವೈರಿಂಗ್ ಕೆಲಸದವನೊಬ್ಬ, ಇನ್ನೂ ಕೆಲವರು. ಆ ವರ್ಷ ಎಲ್ಲರ ಬಾಯಲ್ಲೂ ಒಂದೇ ಮಾತು: ಮುಂದೆ ಹೇಗೋ ಏನೋ. ಗುಮಾಸ್ತನ ಬ್ಯಾಂಕನ್ನು ಇನ್ನೊಂದು ಬ್ಯಾಂಕಿಗೆ ಸೇರಿಸುತ್ತಿದ್ದರು. ಹಲ್ಲಿನಕ್ಕನ ಲ್ಯಾಬಿಗೆ ತಾನಾಗಿಯೇ ಹಲ್ಲು ಕೆತ್ತಿ ಕೊಡುವ ಯಂತ್ರವೊಂದು ಬಂದು ಮೂಲೆಯಲ್ಲಿ ಹೊಸ ಅಳಿಯನ ಹಾಗೆ ಕೂತಿತ್ತು. ಕುಂಚ ಹಿಡಿದವರೆಲ್ಲ ಕುಂಚ ಕೆಳಗಿಟ್ಟು ಗೊಣಗುವುದನ್ನು ಕೇಳಿ ಕೇಳಿ ಮೇಷ್ಟ್ರಿಗೆ ಸಾಕಾಯಿತು.

"ಗೊಣಗೋದನ್ನ ಬಣ್ಣದಲ್ಲೇ ಗೊಣಗ್ರಪ್ಪಾ," ಎಂದರು. "ಎಲ್ರೂ ಸೇರಿ ಒಂದು ಪ್ರದರ್ಶನ ಮಾಡೋಣ. 'ನಾಳೆ' ಅಂತ ಹೆಸರಿಡೋಣ. ಯಾರಿಗೆ ನಾಳೆ ಹೇಗೆ ಕಾಣುತ್ತೋ ಹಾಗೆ ಬರೀಲಿ."

ಹಲ್ಲಿನಕ್ಕನಿಗೆ ನಾಳೆ ಎಂದೊಡನೆ ಹೊಳೆದದ್ದು ತನ್ನ ಮನೆಯವರ ಮುಖಗಳು. ವಯಸ್ಸು ಮುಖಕ್ಕೆ ಏನೇನು ಮಾಡುತ್ತದೆಂದು ಅವಳಿಗೆ ಗೊತ್ತಿತ್ತು. ತುಟಿ ಎಲ್ಲಿ ಒಳಕ್ಕೆ ಹೋಗುತ್ತದೆ, ಗಲ್ಲ ಎಲ್ಲಿ ಮುಂದಕ್ಕೆ ಬರುತ್ತದೆ ಎಂದು ನೋಡುವುದೇ ಅವಳ ದಿನದ ಕೆಲಸವಾಗಿತ್ತಲ್ಲ. ಇನ್ನು ಇಪ್ಪತ್ತು ವರ್ಷಕ್ಕೆ ಎಲ್ಲರೂ ಫೋಟೋಕ್ಕೆಂದು ಮೆಟ್ಟಿಲ ಮೇಲೆ ಕೂತಿರುವಂತೆ ಬರೆಯೋಣವೆಂದು ದೊಡ್ಡ ಹಾಳೆ ಹಚ್ಚಿ ಇದ್ದಲು ಹಿಡಿದಳು.

ನಡುವೆ ಅತ್ತೆ. ಅತ್ತೆಗೆ ಆಗಲೇ ಎಂಬತ್ತೊಂದು. ಸೇರಿಸುವುದು ಬಿಡುವುದು ನನ್ನ ಕೈಯಲ್ಲೇ ಇರುವಾಗ ಬಿಡುವುದೇಕೆ ಎಂದುಕೊಂಡು, ನೂರೊಂದರ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿದಳು. ಪಕ್ಕದಲ್ಲಿ ಮೈದುನ, ಅವನ ಹಣೆ ನೆತ್ತಿಯನ್ನೂ ದಾಟಿ ಹಿಂದಕ್ಕೆ ಹೋಗಿತ್ತು. ಓರಗಿತ್ತಿ ಮೂರು ಸುತ್ತು ದಪ್ಪ. ಕಾಲೇಜಿಗೆ ಹೋಗುವ ಮಗಳು ಕಿವಿಯ ಹತ್ತಿರ ಕೂದಲು ನರೆತು, ಮೂಗಿನ ತುದಿಯಲ್ಲಿ ಕನ್ನಡಕ ಇಟ್ಟವಳಾದಳು. ಕೆಳಗಿನ ಮೆಟ್ಟಿಲಲ್ಲಿ ತಾನು, ಬೊಚ್ಚು ಬಾಯಿ. ಊರಿಗೆಲ್ಲ ಹಲ್ಲು ಕಟ್ಟಿದವಳಿಗೆ ತನ್ನದಕ್ಕೆ ಪುರುಸೊತ್ತು ಎಲ್ಲಿ?

ಗಂಡನ ಹತ್ತಿರ ಬಂದು ಕೈ ನಿಂತಿತು.

ಅವನು ಲಿಫ್ಟ್ ರಿಪೇರಿಯವನು. ಹಿಂದಿನ ವರ್ಷ ಕೆಲಸದಲ್ಲಿದ್ದಾಗಲೇ ಎದೆ ಹಿಡಿದುಕೊಂಡು ಕೂತವನಿಗೆ ಆಪರೇಷನ್ ಆಗಿತ್ತು. ಈಗ ಆಫೀಸಿನಲ್ಲಿ ಕೂತು, ಲಿಫ್ಟಿನೊಳಗೆ ಸಿಕ್ಕಿಬಿದ್ದವರ ಫೋನಿಗೆ ಸಮಾಧಾನ ಹೇಳುವುದು ಅವನ ಕೆಲಸ. ಪೂರ್ತಿ ಗುಣವಾಗಿದೆ ಎಂದೇ ಡಾಕ್ಟರು ಹೇಳಿದ್ದರು. ಆದರೂ ಅವಳು ರಾತ್ರಿ ಎಚ್ಚರವಾದರೆ ಅವನ ಉಸಿರು ಕೇಳಿಸಿಕೊಂಡೇ ಮತ್ತೆ ಮಲಗುತ್ತಿದ್ದಳು. ಭುಜ ಬರೆಯುವಳು, ಕತ್ತು ಬರೆಯುವಳು, ಮುಖಕ್ಕೆ ಬಂದಾಗ ಇದ್ದಲು ಮುಂದಕ್ಕೆ ಹೋಗದು. ಗಟ್ಟಿಮುಟ್ಟಾಗಿ ಬರೆದರೆ ವಿಧಿಯನ್ನು ಕೆಣಕಿದ ಹಾಗೆ. ಸೊರಗಿದಂತೆ ಬರೆದರೆ ತಾನೇ ಕೇಡು ಬಯಸಿದ ಹಾಗೆ. ಅಳಿಸಿ ಅಳಿಸಿ ಹಾಳೆ ತೆಳ್ಳಗಾದಾಗ ಆ ಜಾಗದಲ್ಲಿ ಒಂದು ದೊಡ್ಡ ಹೂಕುಂಡ ಬರೆದು ಕೈತೊಳೆದುಕೊಂಡಳು.

ಮನೆಯಲ್ಲಿ ಮಾತ್ರ, "ಸಣ್ಣ ಪ್ರದರ್ಶನ. ನೀವ್ಯಾರೂ ಬರೋದೇನೂ ಬೇಡ," ಎಂದುಬಿಟ್ಟಳು. ಬೇಡ ಎಂದರೆ ಬಿಡುವ ಮನೆಯೇ ಅದು? ಮೊದಲ ದಿನ ಬೆಳಿಗ್ಗೆ ಅತ್ತೆ ಹೊಸ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು.

ಹಳೆಯ ಗೋದಾಮಿಗೆ ಸುಣ್ಣ ಹೊಡೆಸಿ ಚಿತ್ರಗಳನ್ನು ತೂಗುಹಾಕಿದ್ದರು. ನರ್ಸಮ್ಮ ಬರೆದದ್ದು ಯಾರೂ ಇಲ್ಲದ ಉದ್ದದ ಮೆಟ್ಟಿಲು. ವೈರಿಂಗಿನವನು ಸುಟ್ಟುಹೋದ ಬಲ್ಬುಗಳನ್ನು ಗೊಂಚಲು ಕಟ್ಟಿದ್ದ. ಗುಮಾಸ್ತನದಂತೂ ಗೋಡೆಯಷ್ಟು ಅಗಲದ ಬರೀ ಕಪ್ಪು. ಬಂದವರು ದನಿ ತಗ್ಗಿಸಿ, ಕೈಕಟ್ಟಿ ನಡೆಯುತ್ತಿದ್ದರು. ಅತ್ತೆ ಸುತ್ತ ನೋಡಿ ಮಗನ ತೋಳು ಜಗ್ಗಿದರು.

"ಯಾರು ಹೋದ್ರೋ?"

"ಯಾರೂ ಹೋಗಿಲ್ಲಮ್ಮ, ಇದು ಕಲೆ."

"ಮತ್ಯಾಕೆ ಎಲ್ರ ಮುಖಾನೂ ಹಿಂಗಿದೆ?"

ಅಷ್ಟರಲ್ಲಿ ಓರಗಿತ್ತಿ ಕಿರುಚಿದ್ದು ಕೇಳಿಸಿತು. "ಅಕ್ಕಾ! ಇದು ನಾನಾ? ನನ್ನ ಸೊಂಟ ಎಲ್ಲಿ?"

"ಇದೆಯಲ್ಲ, ಒಳಗೆಲ್ಲೋ," ಎಂದ ಮೈದುನ. ಮರುಗಳಿಗೆಗೆ ತನ್ನ ತಲೆ ಕಂಡು ಅವನ ನಗು ಇಳಿಯಿತು. "ಅತ್ತಿಗೆ, ನಾಲ್ಕು ಕೂದಲಾದ್ರೂ ಬಿಡಬಾರದಿತ್ತಾ? ಇದ್ದಲಿಗೇನು ಬರಗಾಲ ಬಂದಿತ್ತಾ?"

"ನಾನು ಪರವಾಗಿಲ್ಲ," ಎಂದಳು ಮಗಳು, ಮೂಗಿನ ತುದಿಗೆ ಇಲ್ಲದ ಕನ್ನಡಕ ಜಾರಿಸಿ ನೋಡುತ್ತ. "ಹೆಡ್‌ಮಿಸ್ ಥರ ಇದ್ದೀನಿ. ಎಲ್ರಿಗೂ ಬೈಬಹುದು."

ಅತ್ತೆ ಚಿತ್ರದ ತೀರ ಹತ್ತಿರ ಹೋಗಿ, ತಮ್ಮ ಮುಖದ ಎದುರು ಮುಖ ಇಟ್ಟು ನೋಡಿದರು.

"ಇದು ಎಷ್ಟನೇ ವರ್ಷದ್ದೇ?"

"ಇನ್ನು ಇಪ್ಪತ್ತು ವರ್ಷಕ್ಕೆ, ಅತ್ತೆ."

"ಅಷ್ಟು ದಿನ ಇಟ್ಕೊತೀಯೇನೇ ನನ್ನ?" ಅತ್ತೆಯ ಮುಖವೆಲ್ಲ ಅರಳಿತು. ತಿರುಗಿ, ಅಲ್ಲಿದ್ದವರಿಗೆಲ್ಲ ಕೇಳುವಂತೆ, "ನೋಡಿ, ನೂರೊಂದಾದ್ರೂ ಹಲ್ಲು ಒಂದೂ ಅಲ್ಲಾಡಿಲ್ಲ! ನನ್ನ ಸೊಸೆ ಕಟ್ಟಿದ್ದು. ಗ್ಯಾರಂಟಿ!" ಎಂದು ಬಾಯಿ ತೆರೆದು ತೋರಿಸಿಯೇ ಬಿಟ್ಟರು. ಅಷ್ಟು ಹೊತ್ತಿನಿಂದ ಕೈಕಟ್ಟಿ ನಿಂತವರೆಲ್ಲ ಘೊಳ್ಳೆಂದು ನಕ್ಕರು.

ನಗದೆ ಇದ್ದವನು ಗಂಡನೊಬ್ಬನೇ. ಅವನು ಚಿತ್ರದ ಈ ತುದಿಯಿಂದ ಆ ತುದಿಗೆ, ಮತ್ತೆ ಆ ತುದಿಯಿಂದ ಈ ತುದಿಗೆ ನೋಡುತ್ತಿದ್ದ.

"ಎಲ್ರೂ ಇದ್ದಾರೆ. ನಾನೆಲ್ಲಿದ್ದೀನೇ?"

ಹಲ್ಲಿನಕ್ಕನ ಕೈ ತಾನಾಗಿ ಹೂಕುಂಡದ ಕಡೆ ಹೋಯಿತು.

"ಕುಂಡ? ನನ್ನನ್ನ ಕುಂಡ ಮಾಡಿದ್ದೀಯಾ?"

ಮೈದುನ ನಗಲು ಹೋದವನು ಅತ್ತಿಗೆಯ ಮುಖ ನೋಡಿ ಬಾಯಿಗೆ ಕೈ ಅಡ್ಡ ಇಟ್ಟ. ಅವಳ ಕಣ್ಣು ತುಂಬಿಬಂದಿತ್ತು. "ಕೈ ಬರಲಿಲ್ಲ ಕಣ್ರೀ," ಎಂದಳು ಮೆಲ್ಲಗೆ. "ಎಷ್ಟು ಸಲ ಬರೆದೆ, ಅಳಿಸಿದೆ. ಹೆಂಗೆ ಬರೆದ್ರೂ ಹೆದರಿಕೆ. ನೀವಿಲ್ಲದ ಜಾಗ ಖಾಲಿ ಬಿಡೋಕೂ ಆಗಲಿಲ್ಲ. ಅದಕ್ಕೇ..."

ಹೆಂಡತಿ ರಾತ್ರಿ ಎದ್ದು ತನ್ನ ಉಸಿರು ಕೇಳುವುದು ಗಂಡನಿಗೂ ಗೊತ್ತಿತ್ತು. ಎಚ್ಚರವಿದ್ದರೂ ನಿದ್ದೆ ಬಂದವನ ಹಾಗೆ ಉಸಿರಾಡುತ್ತಿದ್ದ, ಅಷ್ಟೆ. ಈಗ ಲಿಫ್ಟಿನಲ್ಲಿ ಸಿಕ್ಕಿಬಿದ್ದವರಿಗೆ ಫೋನಿನಲ್ಲಿ ಹೇಳುವ ದನಿಯಲ್ಲಿ ಹೇಳಿದ, "ಗಾಬರಿ ಆಗ್ಬೇಡ. ಇಲ್ಲೇ ಇದ್ದೀನಲ್ಲ. ನಂಗೂ ಹೆದರಿಕೆ ಆಗುತ್ತೆ, ಸುಳ್ಳು ಯಾಕೆ ಹೇಳ್ಲಿ? ಆದ್ರೆ ಕುಂಡ ಆಗಿ ಇಪ್ಪತ್ತು ವರ್ಷ ನಿಂತ್ಕೊಳೋದು ನನ್ನ ಕೈಲಾಗಲ್ಲ. ಇದ್ದಲು ತಗೋ. ಈಗ್ಲೇ ಬರಿ."

"ಈಗಲಾ? ಇಷ್ಟು ಜನರ ಮುಂದೆ?"

"ನಂಗೇನು ನಾಚಿಕೆಯಾ?" ಅವನು ಚಿತ್ರದ ಪಕ್ಕ ಹೋಗಿ, ಎದೆಯುಬ್ಬಿಸಿ ನಿಂತ.

ಮೇಷ್ಟ್ರು ಜೇಬಿನಿಂದ ಇದ್ದಲಿನ ತುಂಡು ತೆಗೆದು ಅವಳ ಕೈಗಿಟ್ಟರು. ಕುಂಡದ ಗಿಡದ ಮೇಲೆ ಜಾಗವಿತ್ತು. ಮೊದಲ ಗೆರೆ ಅಡ್ಡಾದಿಡ್ಡಿ ಹೋಯಿತು. ಮನೆಯವರೆಲ್ಲ ಹಿಂದೆ ನೆರೆದು ಸಲಹೆಗೆ ಶುರು ಮಾಡಿದರು. "ಅಪ್ಪನ ಕಿವಿ ಇನ್ನೂ ದೊಡ್ಡದು!" "ಮೀಸೆ ಬೆಳ್ಳಗೆ ಮಾಡಿ ಅತ್ತಿಗೆ, ನನ್ನ ತಲೆಗೆ ಅದೊಂದೇ ಸೇಡು!" "ಹೊಟ್ಟೆ ಬರೀಬೇಡ, ಗಿಡದಲ್ಲಿ ಮುಚ್ಚು," ಎಂದ ಗಂಡ. "ಅಲ್ಲಾಡಬೇಡ್ರೀ," ಎಂದು ಅವಳು ಗದರಿಕೊಂಡಳು. ಗದರಿದ ಮೇಲೆ ಕೈ ಹತೋಟಿಗೆ ಬಂತು. ಕಣ್ಣಿನ ಸುತ್ತಲ ಸುಕ್ಕು, ಜೋತ ರೆಪ್ಪೆ, ಮೂಲೆಯಲ್ಲಿ ಉದುರಿಹೋದ ಒಂದು ಹಲ್ಲು ಎಲ್ಲವೂ ಒಂದರ ಹಿಂದೊಂದು ಓಡಿಬಂದವು. ಎಲೆಗಳ ಮೇಲಿಂದ ಇಣುಕಿ ತುಂಟನ ಹಾಗೆ ನಗುತ್ತಿರುವ ಮುದುಕನೊಬ್ಬ ಹಾಳೆಯಲ್ಲಿ ಎದ್ದುನಿಂತ. ಬರೆದು ಮುಗಿಸಿ ಹಿಂದೆ ಸರಿದಾಗ ಅವಳಿಗೆ ಅಳುವೋ ನಗುವೋ ತಿಳಿಯದೆ ಎರಡೂ ಒಟ್ಟಿಗೇ ಬಂದವು. ಗಂಡ ತನ್ನ ಮುದಿಮುಖವನ್ನು ಬಹಳ ಹೊತ್ತು ನೋಡಿ, "ಹುಡುಗ ಚೆನ್ನಾಗಿದ್ದಾನೆ," ಎಂದ. ಅವಳ ಕೆನ್ನೆಗೆ ಅಂಟಿದ್ದ ಇದ್ದಲನ್ನು ಒರೆಸಲು ಹೋಗಿ ಇನ್ನಷ್ಟು ಮೆತ್ತಿದ.

ಬ್ಯಾಂಕಿನ ಗುಮಾಸ್ತ ತನ್ನ ಕಪ್ಪು ಗೋಡೆಯನ್ನು ಬಿಟ್ಟು ಬಂದು ಹಿಂದೆ ನಿಂತಿದ್ದ. "ನಿಮ್ಮನೇಲಿ ಇನ್ನೊಬ್ಬರಿಗೆ ಜಾಗ ಇದೆಯಾ?" ಎಂದು ಕೇಳಿದ. "ಮೆಟ್ಟಿಲು ಬೇಕಾದಷ್ಟಿದೆ, ಬಾರಪ್ಪ," ಎಂದರು ಅತ್ತೆ. ಅದೇ ಸಂಜೆ ಸೂಟು ತೊಟ್ಟ ಗಿರಾಕಿಯೊಬ್ಬ ಚಿತ್ರವನ್ನು ಕೊಳ್ಳುವೆನೆಂದು ಬಂದಾಗಲೂ ಉತ್ತರ ಕೊಟ್ಟವರು ಅತ್ತೆಯೇ: "ಮನೆ ಜನಾನ ಮಾರ್ತಾರೇನಪ್ಪಾ?"

ಮರುದಿನದಿಂದ ಪ್ರದರ್ಶನ ಮುಗಿಯುವವರೆಗೂ ಅತ್ತೆ ತಪ್ಪದೆ ಬಂದು ಚಿತ್ರದ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತರು. ಯಾರು ಯಾರೆಂದು ಬಂದವರಿಗೆಲ್ಲ ತೋರಿಸುವರು. ಒಬ್ಬ ಯುವಕ ತಲೆ ಓರೆ ಮಾಡಿ, "ಇಪ್ಪತ್ತು ವರ್ಷ ಆದ್ಮೇಲೆ ಎಲ್ರೂ ಹೀಗೇ ಇರ್ತೀರಾ ಅಂತ ಹೇಗೆ ಹೇಳ್ತೀರಜ್ಜಿ?" ಎಂದು ಕೇಳಿದ.

"ನಂಗೇನು ಗೊತ್ತಪ್ಪಾ? ಅನುಮಾನ ಇದ್ರೆ ಆವಾಗ ನೀನೇ ಒಂದು ಸಲ ಬಂದು ನೋಡ್ಕೊಂಡು ಹೋಗು," ಎಂದರು ಅತ್ತೆ. "ಮನೇಲೇ ಇರ್ತೀನಿ."